ಔಟಾದ ಸಾಹೇಬರು

ಸತ್ಯವನ್ನು ಯಾರ ಬಾಯಿಂದ ಆಡಿಸಬೇಕೆಂದು ಆ ಭಗವಂತನೇ ಬಲ್ಲ.

ಬಣ್ಣದ ಗುಂಡು ಹೊಡೆದು ಎದುರಾಳಿಯನ್ನು ಔಟ್ ಮಾಡುವ ಪೇಂಟ್‌ಬಾಲ್ ಆಟಕ್ಕೆ ಸರ್ಕಾರಿ ಮಾನ್ಯತೆ ಸಿಗದಿದ್ದರೆ ನಮ್ಮೂರ ಹುಡುಗಿಯರ ತಂಡ ಮೈದಾನ ಬಿಡಬೇಕಿತ್ತು. ಕ್ರೀಡಾ ಇಲಾಖೆಯ ಸಾಹೇಬರು ಕಡತವನ್ನು ತಳ್ಳಿಬಿಟ್ಟರು.

"ಬಣ್ಣ ಎರಚೋದು ಓಕುಳಿ ಕಣಯ್ಯ, ಕ್ರೀಡೆಯಲ್ಲ. ಇದಕ್ಕೆಲ್ಲಿಯ ನಿಯಮ?"

"ಒಮ್ಮೆ ಆಡಿ ನೋಡಿ ತಿರಸ್ಕರಿಸಿ ಸ್ವಾಮಿ," ಎಂದು ಕಡತ ತಂದಿದ್ದ ಗುಮಾಸ್ತ ಕೈಮುಗಿದ.

ಸಾಹೇಬರು ಮೈದಾನಕ್ಕೆ ಬಂದು ಮುಖಕವಚ ತೊಟ್ಟರು. ಸೀಟಿ ಊದಿದ್ದೇ ತಡ, ಒಬ್ಬ ಹುಡುಗಿ ಹೊಡೆದ ಹಳದಿ ಗುಂಡು ಅವರ ಬೆನ್ನಿಗೆ ಬಿತ್ತು.

"ಫೌಲ್! ಸೀಟಿಗೆ ಮೊದಲೇ ಹೊಡೆದಳು! ನಾನು ಔಟಲ್ಲ!"

ಗುಮಾಸ್ತ ಅಲ್ಲೇ ಕಡತ ಬಿಡಿಸಿ ಬರೆದ: 'ನಿಯಮ ಮುರಿದಿದೆಯೆಂದು ಸಾಹೇಬರೇ ಖುದ್ದಾಗಿ ಆಕ್ಷೇಪಿಸಿದ್ದಾರೆ.' ಆಮೇಲೆ ಪೆನ್ನು ಚಾಚಿ ಮೆಲ್ಲಗೆ ಹೇಳಿದ, "ಓಕುಳಿಯಲ್ಲಿ ಫೌಲ್ ಇರೋದಿಲ್ಲ ಸ್ವಾಮಿ."

ಸಾಹೇಬರು ಮುಖಕವಚ ಕಳಚಿ ಪೆನ್ನು ತೆಗೆದುಕೊಂಡರು. ಮಾನ್ಯತೆಗೆ ಸಹಿ ಹಾಕಿದರು.

"ಆ ಹುಡುಗಿಗೆ ಹೇಳಯ್ಯ," ಎಂದರು, "ಸೀಟಿ ನನಗೂ ಕೇಳಿಸಿತ್ತು."