ಪಟ ಹಿಡಿಯದ ಕೈಗಳು

"ಗುರುಗಳೇ, ತಪ್ಪು ಮಾಡಿ ಕ್ಷಮೆ ಕೇಳದವರನ್ನು ಮತ್ತೆ ಸೇವೆಗೆ ಸೇರಿಸಿಕೊಳ್ಳಬಹುದೇ?" ಎಂದು ಶಿಷ್ಯೆ ಚಂದ್ರಮತಿ ಕೇಳಿದಳು.

ಪ್ರಶ್ನೆಯ ಜೊತೆಗೆ ತನ್ನ ಮನೆತನವನ್ನೂ ನೆನಪಿಸಿದಳು. ಆಶ್ರಮದ ಅಂಗಳಕ್ಕೆ ಕಲ್ಲು ಹಾಸಿಸಿದವರು ಅವಳ ಮುತ್ತಜ್ಜ. ಬಾವಿ ತೋಡಿಸಿದವರು ಅಜ್ಜ. ಅಂಗಳ ಗುಡಿಸುವ ಸೇವೆಯ ಮೇಲ್ವಿಚಾರಣೆಯನ್ನು ಅವಳ ತಾಯಿ ಬದುಕಿರುವವರೆಗೂ ಬೇರೆಯವರಿಗೆ ಬಿಟ್ಟವರಲ್ಲ. ಈಗ ಆ ಸೇವೆ ಅವಳದು. ಅದರಲ್ಲಿ ಈವರೆಗೆ ಯಾರೂ ಕೊರತೆ ಕಂಡಿಲ್ಲ.

"ಗುಡಿಸಲು ಬರುವವರಲ್ಲಿ ಒಬ್ಬಳಾದ ಅಕ್ಕು ಹಸಿ ಎಲೆಯನ್ನು ಒಣ ಎಲೆಯೊಂದಿಗೆ ಸೇರಿಸಿ ಬೆಂಕಿ ಇಟ್ಟಳು. ಹೊಗೆ ಪ್ರಾರ್ಥನಾ ಮಂದಿರಕ್ಕೆ ನುಗ್ಗಿತು. ಕೇಳಿದರೆ, 'ಹೊಗೆಗೆ ದಾರಿ ನಾನು ಹೇಳಿಕೊಟ್ಟೆನೇ ಅಮ್ಮಾ?' ಎಂದು ನಕ್ಕಳು. ಅವಳ ಕೈಯಿಂದ ಪೊರಕೆ ತೆಗೆದುಕೊಂಡೆ. ಕ್ಷಮೆ ಕೇಳಿ ಒಳಗೆ ಬಾ ಎಂದೆ. ಅವಳು ಕೇಳಲಿಲ್ಲ. ದಿನವೂ ಬಂದು ಗೋಡೆಯ ಹೊರಗೆ ಕುಳಿತು ಪ್ರಾರ್ಥನೆ ಕೇಳಿ ಹೋಗುತ್ತಾಳೆ. ಉಳಿದವರೂ ಒಬ್ಬೊಬ್ಬರಾಗಿ ಗುಡಿಸಲು ಬರುವುದನ್ನು ಬಿಟ್ಟರು."

"ಇಂದು ಬೆಳಿಗ್ಗೆ ಯಾರು ಗುಡಿಸಿದರು?"

"ನಾನೊಬ್ಬಳೇ. ಆದರೆ ಸ್ವಚ್ಛವಾಗಿಯೇ ಗುಡಿಸಿದ್ದೇನೆ."

ಗುರುಗಳು ಈ ಕತೆ ಹೇಳಿದರು.

ನದಿಯೊಂದು ಸಮುದ್ರ ಸೇರುವ ಅಳಿವೆಯಲ್ಲಿ ಒಂದು ಮರಳದಿಣ್ಣೆ ಇತ್ತು. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಸಮುದ್ರ, ತುದಿಯಲ್ಲಿ ಕಲ್ಲಿನ ತಡೆಗೋಡೆ. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಗಾಳಿಪಟದವರು ಬರುತ್ತಿದ್ದರು. ಅವರು ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಆಳಿಗಿಂತ ದೊಡ್ಡದಾದ ಪಟದ ಹಗ್ಗಗಳನ್ನು ಸೊಂಟಕ್ಕೆ ಬಿಗಿದುಕೊಂಡು, ಗಾಳಿಯ ಬಲದಿಂದ ನೀರಿನ ಮೇಲೆ ಜಾರುತ್ತಿದ್ದರು. ಅದನ್ನು ನೋಡಲು ಜನ ಸೇರುತ್ತಿದ್ದರು. ಸೇರಿದವರು ಬಾಟಲಿ, ತಟ್ಟೆ, ಎಳನೀರಿನ ಬುರುಡೆಗಳನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅದು ಸಾಲದೆಂಬಂತೆ ನದಿಯೂ ಕಸ ತಂದು ಹಾಕುತ್ತಿತ್ತು.

ಆ ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಒಳ್ಳೆಯ ಮನೆತನದವಳು. ದೋಣಿಕಟ್ಟೆಯ ಮೆಟ್ಟಿಲು ಅವಳ ಅಜ್ಜ ಕಟ್ಟಿಸಿದ್ದು. ದಿಣ್ಣೆಯ ಕೊಳಕು ಕಂಡು ಅವಳಿಗೆ ತನ್ನ ಮನೆಯ ಹೊಸ್ತಿಲೇ ಕೊಳೆಯಾದಷ್ಟು ಸಂಕಟವಾಯಿತು. ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಸ್ವಚ್ಛ ಮಾಡೋಣವೆಂದು ಮನೆಮನೆಗೆ ಹೋಗಿ ಕರೆದಳು. ಅವಳ ಮಾತನ್ನು ತೆಗೆದುಹಾಕುವವರು ಊರಲ್ಲಿ ಇರಲಿಲ್ಲ. ಮೀನು ಮಾರುವವರು ಬಂದರು. ಅಂಗಡಿಯವರು ಬಂದರು. ಗಾಳಿಪಟದವರೂ ಬಂದರು.

ಕೆಲಸಕ್ಕೆ ಅವಳದೇ ಒಂದು ಕ್ರಮವಿತ್ತು. ಗಾಜು ಒಂದು ಚೀಲಕ್ಕೆ, ಪ್ಲಾಸ್ಟಿಕ್ ಒಂದಕ್ಕೆ, ಹರಿದ ಬಲೆಯ ಚೂರು ಬೇರೊಂದಕ್ಕೆ. ಕೆಲಸ ಮುಗಿಯುವವರೆಗೆ ಚಹಾ ಇಲ್ಲ. ಇದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೊನೆಯಲ್ಲಿ ಅವಳು ಪ್ರತಿಯೊಬ್ಬರ ಚೀಲವನ್ನೂ ಮರಳಿನ ಮೇಲೆ ಸುರಿಸಿ ನೋಡುತ್ತಿದ್ದಳು. ಗಾಜಿನ ನಡುವೆ ಒಂದು ಮುಚ್ಚಳ ಸಿಕ್ಕಿದರೂ ಅದನ್ನು ಎಲ್ಲರೆದುರು ಎತ್ತಿ ಹಿಡಿಯುತ್ತಿದ್ದಳು.

"ಇದು ಗಾಜೇ?"

"ಅಲ್ಲ ಅಮ್ಮಾ."

"ಹಾಗಾದರೆ ಇಲ್ಲಿ ಏಕಿದೆ? ಮತ್ತೆ ವಿಂಗಡಿಸು."

ಒಬ್ಬ ಮೀನುಗಾರ್ತಿ ಸೊಂಟಕ್ಕೆ ಕೈಯಿಟ್ಟು, "ಅಮ್ಮಾ, ನನ್ನ ಅತ್ತೆ ಕೂಡ ಆರಿಸಿದ ಅಕ್ಕಿಯನ್ನು ಮತ್ತೆ ಸುರಿಸುತ್ತಿರಲಿಲ್ಲ. ಆ ಪುಣ್ಯಾತ್ಮಳು ಹೋದಳು, ಇನ್ನು ಸುಖ ಎಂದುಕೊಂಡಿದ್ದೆ. ನೀವು ಸಿಕ್ಕಿದಿರಿ" ಎಂದಳು. ಎಲ್ಲರೂ ನಕ್ಕರು. ಗೃಹಿಣಿ ನಗಲಿಲ್ಲ. ಮೀನುಗಾರ್ತಿ ಮುಂದಿನ ಭಾನುವಾರ ಬರಲಿಲ್ಲ.

ಆಮೇಲೆ ಒಬ್ಬರಿಗೆ ಮದುವೆ, ಒಬ್ಬರಿಗೆ ಮಂಡಿನೋವು. ಗಾಳಿಪಟದವರು ದೂರದ ಬೇರೊಂದು ಕರಾವಳಿ ಹುಡುಕಿಕೊಂಡರು. ಕೊನೆಗೆ ಗೃಹಿಣಿಯೂ ಗಾಳಿಪಟದವನೊಬ್ಬನೂ ಉಳಿದರು. ಅವನು ಬೇರೆ ಊರಿನವನು. ಗಡ್ಡ ನರೆತಿತ್ತು. ಬೆಳಿಗ್ಗೆ ಬಂದು, ಗಾಳಿ ಏಳುವವರೆಗೆ ಅವಳೊಂದಿಗೆ ಕಸ ಹೆಕ್ಕುತ್ತಿದ್ದ.

"ನಿನ್ನ ಜೊತೆಯವರೆಲ್ಲ ಹೋದರು. ನೀನೇಕೆ ಬರುತ್ತೀ?" ಎಂದು ಅವಳು ಕೇಳಿದಳು.

"ಅವರೆಲ್ಲ ಹರೆಯದವರು ಅಮ್ಮಾ, ನನ್ನನ್ನು ಕಾಯುವುದಿಲ್ಲ. ನನ್ನ ಪಟ ಹಿಡಿಯಲು ಯಾರಾದರೂ ಬೇಕು. ಇಲ್ಲಿ ನೀವಿದ್ದೀರಿ."

ಗಾಳಿಪಟದವರಲ್ಲಿ ಒಂದು ಕಟ್ಟಳೆ ಇದೆ. ನೀರಿನ ಮೇಲೆ ಒಬ್ಬನೇ ಆಡಬಹುದು. ಆದರೆ ಪಟ ಏರಿಸುವಾಗಲೂ ಇಳಿಸುವಾಗಲೂ ಮರಳಿನ ಮೇಲೆ ಇನ್ನೊಬ್ಬರು ಇರಬೇಕು. ಇಳಿಯಬೇಕಾದವನು ತಲೆಯ ಮೇಲೆ ಅಂಗೈ ಇಟ್ಟು ತೋರಿಸುತ್ತಾನೆ. ಅದನ್ನು ಕಂಡವರು, ಗುರುತಿನವರಾಗಲಿ ಅಲ್ಲದವರಾಗಲಿ, ಮಾತು ಬಿಟ್ಟವರೇ ಆಗಲಿ, ಕೈಯಲ್ಲಿರುವುದನ್ನು ಕೆಳಗಿಟ್ಟು ಓಡಿಬಂದು ಪಟದ ಅಂಚನ್ನು ಹಿಡಿಯಬೇಕು. ಹಿಡಿಯುವವರಿಲ್ಲದಿದ್ದರೆ ಪಟ ಆಳನ್ನು ಎಳೆದುಕೊಂಡು ಹೋಗುತ್ತದೆ.

ಗೃಹಿಣಿ ಏನನ್ನು ಕಲಿತರೂ ಸರಿಯಾಗಿ ಕಲಿಯುವವಳು. ಅವನು ತಲೆಯ ಮೇಲೆ ಅಂಗೈ ಇಡುವ ಮೊದಲೇ ಚೀಲ ಕೆಳಗಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು ನಿಲ್ಲುತ್ತಿದ್ದಳು.

"ನಿಮ್ಮಷ್ಟು ನೆಟ್ಟಗೆ ಹಿಡಿಯುವವರನ್ನು ನಾನು ಕಂಡಿಲ್ಲ. ಪಟವನ್ನೂ ಸುರಿಸಿ ನೋಡಬೇಡಿ, ಅಷ್ಟು ಸಾಕು" ಎಂದು ಅವನು ಹೇಳುತ್ತಿದ್ದ.

ಅವಳು ತುಟಿ ಬಿಗಿದು ನಗು ತಡೆಯುತ್ತಿದ್ದಳು. ಅವಳ ದೊಡ್ಡ ಮನೆಯಲ್ಲಿ ಎಲ್ಲರೂ ಅವಳ ಮಾತು ಕೇಳುವವರು. ಅವಳನ್ನು ಹಾಸ್ಯ ಮಾಡುವವರು ಒಬ್ಬರೂ ಇರಲಿಲ್ಲ. ಆ ದಿನಗಳಲ್ಲಿ ಅವಳು ಅವನ ಚೀಲವನ್ನು ಸುರಿಸಿ ನೋಡುವುದನ್ನು ಬಿಟ್ಟಳು. ಚಹಾದ ಫ್ಲಾಸ್ಕನ್ನು ಕೆಲಸ ಮುಗಿಯುವ ಮೊದಲೇ ತೆರೆಯತೊಡಗಿದಳು.

ಒಂದು ಭಾನುವಾರ ಗಾಳಿ ಬೇಗ ಎದ್ದಿತು. ಅವನ ಪಟ ಮರಳಿನ ಮೇಲೆ ಬಿಚ್ಚಿಟ್ಟಿತ್ತು. ಹಾರಿಹೋಗದಂತೆ ಅದರ ಮೇಲೆ ಮರಳು ಪೇರಿಸಬೇಕು. ಅವನು ಅವಸರದಲ್ಲಿ, ಅವಳು ವಿಂಗಡಿಸಿ ಕಟ್ಟಿಟ್ಟ ಚೀಲಗಳನ್ನೇ ಎತ್ತಿ ಪಟದ ಮೇಲೆ ಹೇರಿದ. ಅವಳನ್ನು ಕೇಳಲಿಲ್ಲ. ಪಟ ಒಮ್ಮೆ ಜೋರಾಗಿ ಬಡಿದುಕೊಂಡಿತು. ಚೀಲಗಳು ಉರುಳಿ ಹರಿದವು. ಬೆಳಗಿನ ಕೆಲಸವೆಲ್ಲ ಗಾಳಿಗೆ ಹಾರಿ ನದಿಗೆ ಬಿತ್ತು.

"ಕ್ಷಮೆ ಕೇಳು" ಎಂದಳು ಗೃಹಿಣಿ.

"ಬನ್ನಿ ಅಮ್ಮಾ, ಹೆಕ್ಕೋಣ. ನಿಂತು ಮಾತಾಡಿದರೆ ಉಳಿದದ್ದೂ ಹೋಗುತ್ತದೆ."

"ಮೊದಲು ಕ್ಷಮೆ."

ಅವನು ನೀರಿಗಿಳಿದು ಕೈಗೆ ಸಿಕ್ಕಿದ್ದನ್ನೆಲ್ಲ ಒಬ್ಬನೇ ಹೆಕ್ಕಿ ತಂದು ಅವಳ ಮುಂದೆ ಇಟ್ಟ. ಅವಳು ಅದನ್ನು ಮರಳಿನ ಮೇಲೆ ಸುರಿಸಿದಳು. ಪಟ ಏರಿಸಲು ಅವನು ಅವಳನ್ನು ಕರೆಯಲಿಲ್ಲ. ಹೇಗೋ ಒಬ್ಬನೇ ಏರಿಸಿಕೊಂಡು ನೀರಿಗೆ ಹೋದ.

ಸ್ವಲ್ಪ ಹೊತ್ತಿಗೆ ಗಾಳಿ ಇನ್ನೂ ಬಿರುಸಾಯಿತು. ಅವನು ದಿಣ್ಣೆಯ ಹತ್ತಿರ ಬಂದು ತಲೆಯ ಮೇಲೆ ಅಂಗೈ ಇಟ್ಟ. ದಿಣ್ಣೆಯ ಮೇಲೆ ಇದ್ದವಳು ಅವಳೊಬ್ಬಳೇ. ಆ ಸನ್ನೆಯ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕೈಕಟ್ಟಿ ನಿಂತಳು. ಅವನು ತಿರುಗಿ ಹೋಗಿ ಮತ್ತೆ ಬಂದ. ಮತ್ತೆ ಅಂಗೈ ಇಟ್ಟ. ಅವನು ಏನೋ ಕೂಗಿದ. ಗಾಳಿಯಲ್ಲಿ ಕೇಳಿಸಲಿಲ್ಲ. ಅದು ಕ್ಷಮೆಯ ಮಾತೇ ಇರಬಹುದು. ಸ್ಪಷ್ಟವಾಗಿ ಹೇಳಲಿ ಎಂದು ಅವಳು ಕಾದಳು.

ಅವನು ಮೂರನೆಯ ಸಲ ಹತ್ತಿರ ಬರಲಿಲ್ಲ. ಗಾಳಿ ಅವನನ್ನು ಕಲ್ಲಿನ ತಡೆಗೋಡೆಯ ಕಡೆಗೆ ತಳ್ಳಿತು.

ಚಂದ್ರಮತಿ ನಡುವೆ ಬಾಯಿ ಹಾಕಿದಳು. "ಸತ್ತನೇ?"

"ಇಲ್ಲ" ಎಂದು ಗುರುಗಳು ಮುಂದುವರಿಸಿದರು.

ಕಲ್ಲಿಗೆ ತಾಗುವ ಮುನ್ನ ಅವನು ಸೊಂಟದ ಹಗ್ಗ ಕಳಚಿದ. ಪಟ ಸಮುದ್ರದ ಕಡೆಗೆ ಹೋಯಿತು. ಅವನು ಈಜಿ ನದಿಯ ಆಚೆ ದಡ ಸೇರಿದ. ಅಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದ. ನಂತರ ಎದ್ದು, ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಆಚೆ ದಡದ ದಾರಿಯಲ್ಲೇ ಹೊರಟುಹೋದ. ಅವನು ತಿರುಗಿ ನೋಡುತ್ತಾನೆಂದು ಅವಳು ನಿಂತೇ ಇದ್ದಳು. ಅವನು ನೋಡಲಿಲ್ಲ.

ಈಗಲೂ ಗೃಹಿಣಿ ಭಾನುವಾರ ತಪ್ಪದೆ ಹೋಗುತ್ತಾಳೆ. ಊರಿನವರು ಗಾಳಿಪಟ ಇಲ್ಲದ ಕಡೆ ಏಕೆ ಬರಬೇಕು? ಬರುವುದಿಲ್ಲ. ಹೀಗಾಗಿ ಕಸವೂ ಬೀಳುವುದಿಲ್ಲ. ನದಿ ತಂದು ಹಾಕಿದ್ದನ್ನು ಅವಳು ಹೆಕ್ಕುತ್ತಾಳೆ. ದಿಣ್ಣೆ ಬಹಳ ಸ್ವಚ್ಛವಾಗಿದೆ. ಅದರ ಮೇಲೆ ಅವಳ ಹೆಜ್ಜೆ ಬಿಟ್ಟರೆ ಬೇರೆ ಗುರುತಿಲ್ಲ. ಗಾಳಿ ಎದ್ದಾಗ ಅವಳು ಚೀಲ ಕೆಳಗಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು ನಿಲ್ಲುತ್ತಾಳೆ. ಆಕಾಶದಲ್ಲಿ ಏನೂ ಇರುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚಂದ್ರಮತಿ ಕಿಟಕಿಯಿಂದ ಅಂಗಳ ನೋಡಿದಳು. ಕಲ್ಲುಹಾಸಿನ ಮೇಲೆ ಒಂದು ಎಲೆಯೂ ಇರಲಿಲ್ಲ. ಅವಳು ಸೆರಗು ಸರಿಪಡಿಸಿಕೊಂಡು, ದನಿ ಏರಿಸದೆ ಕೇಳಿದಳು.

"ಆದರೆ ಗುರುಗಳೇ, ಕೇಳದೆ ಚೀಲ ಮುಟ್ಟಿದವನು ಅವನು. ಕೆಲಸ ಕೆಡಿಸಿದವನು ಅವನು. ತಪ್ಪು ಅವನದಲ್ಲವೇ?"

"ತಪ್ಪು ಅವನದೇ. ಅಕ್ಕು ಗೋಡೆಯ ಹೊರಗೆ ಕುಳಿತಿದ್ದಾಳೆ, ಹೋಗಿ ಕ್ಷಮೆ ಕೇಳು."