ಗೂಡಿಗೆ ಬಂದ ಬೇವಿನ ಸೊಪ್ಪು

ಬಂಡೆಯ ಮೇಲಿನ ಗೂಡಿನಲ್ಲಿ ಒಂದು ಹದ್ದಿನ ಮರಿಯಿತ್ತು. ಅದರ ರೆಕ್ಕೆಯ ಸಂದಿಯಲ್ಲಿ ಒಂದು ಮುದಿ ಉಣುಗು ಕಚ್ಚಿಕೊಂಡು ರಕ್ತ ಹೀರುತ್ತಿತ್ತು. ಉಣುಗು ದಿನೇ ದಿನೇ ಊದುತ್ತಿತ್ತು, ಮರಿ ಸೊರಗುತ್ತಿತ್ತು.

ಒಂದು ಬೆಳಿಗ್ಗೆ ತಾಯಿ ಹದ್ದು ಹಸಿ ಬೇವಿನ ಸೊಪ್ಪನ್ನು ತಂದು ಗೂಡಿನಲ್ಲಿ ಹಾಸಿ, ಮತ್ತೆ ಬೇಟೆಗೆ ಹಾರಿಹೋಯಿತು.

ಉಣುಗು ಮರುಗಿತು: "ಪಾಪ, ಹಸಿದ ಮಗುವಿಗೆ ಸೊಪ್ಪು ತರುವವಳೂ ಒಬ್ಬ ತಾಯಿಯೇ? ಇದನ್ನೆಲ್ಲ ಕೆಳಗೆ ತಳ್ಳಿಬಿಡು, ಮಗೂ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ಮರಿ ಬೇವಿನ ಒಂದು ಪುಟ್ಟ ಕೊಂಬೆಯನ್ನು ಕಚ್ಚಿಕೊಂಡು ಗೂಡಿನ ಅಂಚಿನವರೆಗೆ ತೆವಳಿತು. ಅಲ್ಲಿ ಅದನ್ನು ಕೆಳಗಿಟ್ಟು ಕೇಳಿತು: "ಅಜ್ಜಾ, ಮೂರು ದಿನದಿಂದ ನಾನು ನಿಲ್ಲಲಾರದೆ ಬಿದ್ದಿದ್ದೇನೆ. ಆಗೆಲ್ಲ ನೀವು ಒಂದು ಮಾತೂ ಆಡಲಿಲ್ಲ. ಸೊಪ್ಪು ಬಂದ ಕೂಡಲೇ ನನ್ನ ಮೇಲೆ ಇಷ್ಟು ಕಾಳಜಿ ಹೇಗೆ ಬಂತು?"

"ಅಯ್ಯೋ, ಅದರ ವಾಸನೆಗೆ ನನ್ನ ತಲೆ ಸುತ್ತುತ್ತಿದೆಯಲ್ಲ!" ಎಂದು ಉಣುಗು ಬಾಯಿಬಿಟ್ಟಿತು.

ಮರಿ ನಕ್ಕುಬಿಟ್ಟಿತು. ಆ ಕೊಂಬೆಯನ್ನು ರೆಕ್ಕೆಯ ಸಂದಿಗೇ ಸಿಕ್ಕಿಸಿಕೊಂಡು ಹಾಯಾಗಿ ಮಲಗಿತು.

ಸಂಜೆ ತಾಯಿ ಮರಳುವಷ್ಟರಲ್ಲಿ ಉಣುಗು ಗೊಣಗುತ್ತಾ ಬಂಡೆ ಇಳಿಯುತ್ತಿತ್ತು. ಮರಿ ಎರಡೂ ಕಾಲೂರಿ ನಿಂತು, "ಅಮ್ಮಾ, ಹೊಟ್ಟೆ ಹಸಿದಿದೆ!" ಎಂದು ಗೂಡು ಅಲುಗುವಂತೆ ಕೂಗಿತು.