ಮಾನಪ್ಪ ಹತ್ತಿ ಪ್ರೆಸ್ಸಿಗೆ ಸ್ಕ್ರೂ ಕೂಡಿಸಿದ್ದು

ಹುಬ್ಬಳ್ಳಿಯ ಕಾರ್ಖಾನೆ ಓಣಿಯೊಳಗೆ ಕಾಳವ್ವ ಅಂತ ಒಬ್ಬಾಕೆ. ಆಕೆಗೆ ಒಬ್ಬನೇ ಮಗ, ಮಾನಪ್ಪ. ಎತ್ತಿನಂಥ ಮೈ, ಕರುವಿನಂಥ ಮನಸ್ಸು, ಬುದ್ಧಿ ಮಾತ್ರ ಇಲ್ಲ. "ಬಾಗಿಲಾ ನೋಡ್ತಿರು" ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತ ನಿಂತಿರುವವ. ಅತ್ತ ನಾಯಿ ಬಂದು ರೊಟ್ಟಿ ಒಯ್ದಿರುತ್ತಿತ್ತು.

ಕಾಳವ್ವ ಬೈದಳು, ಅತ್ತಳು, ಕಡೆಗೆ ತನ್ನ ಅಣ್ಣ ವೀರಭದ್ರ ಮೇಸ್ತ್ರಿಯ ವರ್ಕ್‌ಶಾಪಿಗೆ ಕರಕೊಂಡು ಬಂದಳು. ತಾನೂ ಅಲ್ಲೇ ಕಸ ಹೊಡೆದು ಚಹಾ ಕಾಸುವಾಕೆ.

"ಅಣ್ಣಾ, ಇವನ್ನ ನಿನ್ನ ಕೈಯಾಗ ಹಾಕೇನಿ. ಒಂದು ದಾರಿಗೆ ಹಚ್ಚು."

"ಆತವ್ವಾ. ಈಗ ಕಟ್ಟಾಕ ಹತ್ತಿದ ಈ ಹತ್ತಿ ಪ್ರೆಸ್ಸು ಮಾರಿ ಹೋಗೋತನಕ ನೋಡ್ತೇನಿ. ಹೇಳಿದಂಗ ಕೇಳಲಿಲ್ಲಂದ್ರ ಮನಿಗೆ!"

"ಹೇಳಿದಂಗ ಕೇಳ್ತಾನಣ್ಣಾ" ಅಂದಳು ಕಾಳವ್ವ. ಆಕೆಗೆ ಅಂಜಿಕೆ ಇದ್ದದ್ದೇ ಅದಕ್ಕೆ.

ಆ ಪ್ರೆಸ್ಸಿಗೆ ಜೀವ ಅಂದರೆ ಅದರ ಬಾಲ್ ಸ್ಕ್ರೂ. ತೊಡೆಗಾತ್ರದ ಉಕ್ಕಿನ ಕಂಬ, ಅದರ ಮೈತುಂಬ ಸುರುಳಿ ಗೆರೆ, ಮೇಲೊಂದು ದಪ್ಪ ನಟ್ಟು. ನಟ್ಟಿನ ಹೊಟ್ಟೆಯೊಳಗೆ ಸಾಲುಸಾಲು ಉಕ್ಕಿನ ಗುಂಡು. ಕಂಬ ತಿರುಗಿದರೆ ನಟ್ಟು ಗುಂಡಿನ ಮೇಲೆ ಓಡುತ್ತ ಕೆಳಗಿಳಿಯಬೇಕು, ಹತ್ತಿ ಒತ್ತಿ ಗಟ್ಟಿ ಮೂಟೆಯ ಅಂಡಿಗೆ ಮಾಡಬೇಕು.

"ಮಾನ್ಯಾ, ಸ್ಕ್ರೂ ಕೂಡ್ಸು. ಗಟ್ಟಿ ಬಿಗಿ!"

ಮಾನಪ್ಪ ಬಿಗಿದ. ಮೇಲೂ ಬಿಗಿದ, ಕೆಳಗೂ ಬಿಗಿದ, ಪಾನಾ ಬಾಗುವತನಕ ಬಿಗಿದ. ಮಶೀನು ಓಡಿತು, ಸ್ಕ್ರೂ ಕಾಯಿತು, ಕಾದದ್ದು ಬೆಳೆಯಿತು. ಬೆಳೆಯಲು ಜಾಗ ಎಲ್ಲಿದೆ? ನಡುವೆ ಬಾಗಿ ಕಿರ್ರೆಂದು ಚೀರಿತು.

"ಏ ಹುಚ್ಚಪ್ಯಾಲಿ! ಕಾದ ಉಕ್ಕು ಬೆಳಿತೈತಿ! ಒಂದು ತುದಿ ಬಿಗಿಬೇಕು, ಒಂದು ತುದಿ ಸಡ್ಲ ಬಿಡಬೇಕು!"

"ಹೂಂ ಮಾಮಾ. ಒಂದು ಬಿಗಿ, ಒಂದು ಸಡ್ಲ."

ಮರುದಿನ, ರಿಪೇರಿಗೆ ಬಿಚ್ಚಿದ್ದ ಮೋಟಾರನ್ನು ಮತ್ತೆ ಮೇಲೆತ್ತಬೇಕಾಗಿತ್ತು. ಎರಡು ಸರಪಳಿ, ಎರಡು ಕೊಂಡಿ. ಮಾನಪ್ಪ ಒಂದು ಬಿಗಿದ, ಒಂದು ಸಡಿಲ ಬಿಟ್ಟ. ಮೋಟಾರು ವಾಲಿತು, ಜೋಲಿ ಹೊಡೆಯಿತು, ಹೋಗಿ ನಟ್ಟಿನ ಪಕ್ಕೆಗೆ ಢಂ ಅಂತ ಬಡಿಯಿತು!

"ಏ ಖೋಡಿ! ನಟ್ಟಿಗೆ ಅಡ್ಡ ಭಾರ ಬೀಳಬಾರದು! ಅಡ್ಡ ಬಿತ್ತಂದ್ರ ಒಂದು ಮಗ್ಗಲದ ಗುಂಡಷ್ಟ ಹೊತಗೊಂಡು ಸಾಯ್ತಾವು, ಉಳದವು ಆರಾಮ ಕುಂದರ್ತಾವು. ನೆಟ್ಟಗ ತಳ್ಳಿದ್ರ ಎಲ್ಲಾವೂ ಹಂಚಿಕೊಂಡು ಹೊರತಾವು. ಭಾರ ಯಾವಾಗಲೂ ನೆಟ್ಟಗ ತಳ್ಳಬೇಕು!"

"ಹೂಂ ಮಾಮಾ. ನೆಟ್ಟಗ ತಳ್ಳಬೇಕು."

ಹೊಸ ನಟ್ಟು ತರಲು ಕೈಗಾಡಿ ಕೊಟ್ಟು ಕಳಿಸಿದರು. ಬರುವಾಗ ರಸ್ತೆ ಎಡಕ್ಕೆ ಹೊರಳಿತು. ಮಾನಪ್ಪ ಹೊರಳಲಿಲ್ಲ. ನೆಟ್ಟಗೆ ತಳ್ಳಿದ. ಎದುರಿಗೆ ಗಿರಮಿಟ್ ಅಂಗಡಿ! ಗಾಡಿ ಒಳಗೆ ಹೋಯಿತು, ನಟ್ಟು ಕೆಳಗೆ ಬಿತ್ತು, ಗುಂಡೆಲ್ಲ ಚುರುಮುರಿಯೊಳಗೆ ಸೇರಿದವು. ಹೆಕ್ಕಿ ಹೆಕ್ಕಿ ಹಾಗೇ ತುಂಬಿಕೊಂಡು ಬಂದ. ಮೇಸ್ತ್ರಿ ನೋಡಿದರೆ ನಟ್ಟಿನೊಳಗಿಂದ ಕೊತ್ತಂಬರಿ ಇಣುಕುತ್ತಿತ್ತು.

"ಕೆಳಗ ಬಿದ್ದ ಗುಂಡು ಹಂಗ ತುಂಬತಾರೇನೋ! ಸೀಮೆಎಣ್ಣಿಯಾಗ ತೊಳಿಬೇಕು. ಎಲ್ಲಾ ಒಂದ ಅಳತಿ ಅದಾವೋ ಇಲ್ಲೋ ನೋಡಬೇಕು, ಒಂದು ದೊಡ್ಡದಿದ್ರ ಭಾರ ಎಲ್ಲಾ ಅದರ ಮ್ಯಾಲೆ. ಆಮ್ಯಾಲೆ ಗ್ರೀಸ್ ಹಚ್ಚಿ ಸಾಲಾಗಿ ಕೂಡ್ಸಬೇಕು!"

"ಹೂಂ ಮಾಮಾ. ತೊಳಿಬೇಕು, ಅಳಿಬೇಕು, ಹಚ್ಚಬೇಕು."

ಪ್ರೆಸ್ಸು ಕೊಳ್ಳುವ ಸಾಹುಕಾರ ಅಣ್ಣಿಗೇರಿಯಿಂದ ಬರುವ ದಿನ ಬಂತು. ಕಾಳವ್ವ ಶೇಂಗಾ ಉಂಡಿ ಕಟ್ಟಿ ತಂದಳು. ಮಗ ಡಬ್ಬಿ ಇಳಿಸುವಾಗ ಉಂಡಿಗಳು ಕೆಳಗುರುಳಿದವು. ಮಾನಪ್ಪ ಈ ಸಲ ತಪ್ಪಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದ, ದೊಡ್ಡವನ್ನು ಅರದಿಂದ ಉಜ್ಜಿ ಸಣ್ಣ ಮಾಡಿದ, ಗ್ರೀಸ್ ಹಚ್ಚಿ ತಾಟಿನಲ್ಲಿ ಸಾಲಾಗಿ ಕೂಡಿಸಿದ.

ಸಾಹುಕಾರ ಒಂದು ಕಚ್ಚಿದ, ಕಣ್ಣು ಮೇಲೆ ಮಾಡಿದ. "ಏನವಾ ಕಾಳವ್ವಾ, ಶೇಂಗಾ ಲಾರಿ ಎಂಜಿನ್ನಿನಾಗ ಹುರದೀಯೇನು?"

ಕಾಳವ್ವನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಮೇಸ್ತ್ರಿ ಹಲ್ಲು ಕಡಿದ. "ಇನ್ನ ಮ್ಯಾಲೆ ನಿನ್ನ ತಲಿ ಓಡಸಬ್ಯಾಡ! ನಾ ಹಿಡಿ ಅಂದ್ರ ಹಿಡಿ, ಬಿಡು ಅಂದ್ರ ಬಿಡು. ಬ್ಯಾರೆ ಯಾರ ಮಾತೂ ಕೇಳಬ್ಯಾಡ!"

"ಹೂಂ ಮಾಮಾ."

ದೇವರ ದಯೆ, ಮಶೀನು ಚೊಲೋ ಓಡಿತು. ಸಾಹುಕಾರ ಒಪ್ಪಿದ. ಒಯ್ಯಲು ಮೋಟಾರು ಬಿಚ್ಚಬೇಕು. ಬ್ರೇಕು ಇರುವುದು ಮೋಟಾರಿನಲ್ಲೇ.

"ಮಾನ್ಯಾ, ಇದು ನಿಂತ ಸ್ಕ್ರೂ. ಬ್ರೇಕಿಲ್ಲಂದ್ರ ನಟ್ಟು ಗುಂಡಿನ ಮ್ಯಾಲೆ ತಾನ ಕೆಳಗಿಳಿತೈತಿ. ಸ್ಕ್ರೂ ತಿರಗದಂಗ ತಬ್ಬಿ ಹಿಡಿ!"

ಮಾನಪ್ಪ ತಬ್ಬಿ ಹಿಡಿದ. ಮೋಟಾರು ಬಿಚ್ಚಿದರು, ನಟ್ಟಿನ ಕೆಳಗೆ ಮರದ ದಿಮ್ಮಿ ಕೊಟ್ಟರು. "ಬಿಡು" ಅನ್ನುವುದನ್ನು ಮೇಸ್ತ್ರಿ ಮರೆತ. ಸಾಹುಕಾರನ ಜೊತೆ ಎದುರಿನ ಖಾನಾವಳಿಗೆ ಊಟಕ್ಕೆ ಹೋದ. ಹಮಾಲರು ಹಿಂದೆಮುಂದೆ ನೋಡದೆ ತಾಡಪಾಲು ಹೊದಿಸಿ, ಕ್ರೇನಿನಿಂದ ಎತ್ತಿ ಲಾರಿಯೊಳಗಿಟ್ಟರು.

ಕಾಳವ್ವ ಕಪ್ಪು ತೊಳೆಯುತ್ತಿದ್ದಳು. ಲಾರಿ ಹೊರಟಿತು. ತಾಡಪಾಲಿನೊಳಗಿಂದ ದನಿ ಬಂತು:

"ಯವ್ವಾ, ನನ್ನ ಬುತ್ತಿ!"

"ಅಯ್ಯ ನನ್ನ ಮಗನ! ಬಿಡೋ! ಇಳಿಯೋ!"

"ಮಾಮಾ ಬಿಡು ಅಂದಿಲ್ಲಬೇ!"

ಕಾಳವ್ವ ಖಾನಾವಳಿಗೆ ಓಡಿದಳು. "ಅಣ್ಣಾ, ಲಗೂ ಬಾ, ಲಾರಿಯಾಗ ಮಾನಪ್ಪ ಹೊಂಟಾನ! ಬಿಡು ಅನ್ನು!"

ಮೇಸ್ತ್ರಿ ಎಂಜಲು ಕೈಯಲ್ಲೇ ರಸ್ತೆಗೆ ಜಿಗಿದ. ಲಾರಿ ಆಗಲೇ ತಿರುವು ಮುಟ್ಟಿತ್ತು. ಗಾಬರಿಯಲ್ಲಿ ಮಂದಿಗೆಲ್ಲ ಕೇಳುವಂತೆ ಕೂಗಿದ: "ಹಿಡೀರಿ! ಅವನ್ನ ಹಿಡೀರಿ! ಹಿಡಿ, ಹಿಡಿ, ಹಿಡಿ!"

"ಹೂಂ ಮಾಮಾ!" ಅಂದ ಮಾನಪ್ಪ. ಸಡಿಲಾಗಿದ್ದ ಕೈಯನ್ನು ಮತ್ತೆ ಗಟ್ಟಿ ಮಾಡಿಕೊಂಡು, ಅಣ್ಣಿಗೇರಿತನಕ ಹಿಡಿದುಕೊಂಡೇ ಹೋದ.